ನಗೆಯ ಹಿಂದಿನ ಅದತ್ತಾದಾನ: ‘ಶಾರದಾ’ ನಾಟಕವೂ ಅರಿವು ಮಸುಳಿದ ವೃದ್ಧರ ವಿವಾಹವೂ

ಒಂದು ಸಮಾಜವು ಯಾರನ್ನು ನೋಡಿ ನಗುತ್ತದೆಯೋ ಅವರ ನೋವು ಅದರ ಕಣ್ಣಿಗೆ ಬೀಳುವುದು ಬಹಳ ತಡವಾಗಿ. ಮುಪ್ಪಿನಲ್ಲಿ ಬಾಸಿಂಗ ಕಟ್ಟಿಕೊಳ್ಳುವ ಮುದುಕನು ಕನ್ನಡ ಮರಾಠಿ ರಂಗಭೂಮಿಗಳೆರಡರಲ್ಲೂ ನೂರು ವರ್ಷಗಳಿಗೂ ಮೀರಿ ನಗೆಯ ವಸ್ತುವಾಗಿದ್ದಾನೆ. ಆ ನಗೆಗೆ ಕಾರಣವಿತ್ತು. ಹಣ ಕೊಟ್ಟು ಎಳೆಯ ಹುಡುಗಿಯರನ್ನು ಕೊಳ್ಳುತ್ತಿದ್ದ ವೃದ್ಧರಿದ್ದರು, ಅವರನ್ನು ನಾಚಿಸಬೇಕಾಗಿತ್ತು. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿ, ಅದಕ್ಕೆ ‘ಕನ್ಯಾವಿಕ್ರಯದ ಪರಿಣಾಮ’ವೆಂಬ ಮತ್ತೊಂದು ಹೆಸರನ್ನೂ ಇಟ್ಟದ್ದು ಈ ಉದ್ದೇಶದಿಂದಲೇ. 1899ರಲ್ಲಿ ರಂಗಕ್ಕೆ ಬಂದ ಗೋವಿಂದ ಬಲ್ಲಾಳ ದೇವಲರ ಮರಾಠಿ ನಾಟಕ ‘ಸಂಗೀತ ಶಾರದಾ’ದ ಉದ್ದೇಶವೂ ಅದೇ. ಆ ಕೃತಿಯ ಕೀರ್ತಿ ನ್ಯಾಯವಾದದ್ದು. ಆದರೆ ಅದರ ನಗೆಯ ಬೆಳಕು ಬಿದ್ದ ಕಡೆಯಷ್ಟೇ ಬೀಳದೆ ಉಳಿದ ಕಡೆಯನ್ನೂ ಇಂದು ಪರಿಶೀಲಿಸಬೇಕಾಗಿದೆ.

ಬೆಳಗಾವಿ ಸೀಮೆಗೆ ಈ ನಾಟಕ ಹೊರಗಿನದಲ್ಲ. ಇದನ್ನು ರಂಗಕ್ಕೆ ತಂದ ಕಿರ್ಲೋಸ್ಕರ ನಾಟಕ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಸವದತ್ತಿಯ ಮಗ್ಗುಲಿನ ಗುರ್ಲಹೊಸೂರಿನಲ್ಲಿ. ದೇವಲರು ಅವರ ಶಿಷ್ಯರು. ಮಲಪ್ರಭೆಯ ದಡದ ಊರೊಂದರಲ್ಲಿ ಹುಟ್ಟಿದವರು ಕಟ್ಟಿದ ಮಂಡಳಿಯು ಮರಾಠಿ ಸಂಗೀತ ನಾಟಕದ ಇತಿಹಾಸವನ್ನೇ ತಿದ್ದಿತು. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಓದುಗರು ಈ ಕೃತಿಯನ್ನು ತಮ್ಮ ಮನೆಯಂಗಳದ ಕೃತಿಯೆಂದು ಭಾವಿಸಿ ಪ್ರಶ್ನಿಸಿದರೆ ಅದು ಅಧಿಕಪ್ರಸಂಗವಾಗದು.

ಕಥೆ ಸರಳವಾದುದು. ಎಪ್ಪತ್ತೈದು ವರ್ಷದ ಶ್ರೀಮಂತ ವಿಧುರ ಭುಜಂಗನಾಥನಿಗೆ ಮತ್ತೆ ಮದುವೆಯಾಗುವ ಚಪಲ. ಭದ್ರೇಶ್ವರ ದೀಕ್ಷಿತನೆಂಬ ಮಧ್ಯಸ್ಥನು ಕನ್ಯೆಯನ್ನು ಹುಡುಕಿಕೊಡುತ್ತಾನೆ. ಹೆಸರಿನಲ್ಲಿಯೇ ಬಂಗಾರವನ್ನು ಹೊತ್ತ ಕಾಂಚನಭಟ್ಟನು ಹಣದಾಸೆಗೆ ತನ್ನ ಮಗಳು ಶಾರದೆಯನ್ನು ಮಾರಲು ಒಪ್ಪುತ್ತಾನೆ. ಸುಧಾರಣಾವಾದಿ ತರುಣ ಕೋದಂಡನು ಇದನ್ನು ವಿರೋಧಿಸುತ್ತಾನೆ. ವಧೂವರರು ಸಗೋತ್ರದವರೆಂಬುದು ಬಯಲಾಗಿ ಮದುವೆ ಮುರಿಯುತ್ತದೆ. ಕೊನೆಗೆ ಕೋದಂಡನೇ ಶಾರದೆಯ ಕೈ ಹಿಡಿಯುತ್ತಾನೆ. ಬಾಲ್ಯವಿವಾಹವನ್ನು ತಡೆಯುವ 1929ರ ಕಾಯಿದೆಗೆ ‘ಶಾರದಾ ಕಾಯಿದೆ’ ಎಂಬ ರೂಢಿಯ ಹೆಸರು ಬಂದದ್ದು ಹರಬಿಲಾಸ ಸಾರ್ಡಾ ಅವರಿಂದ; ನಾಟಕದ ಹೆಸರಿನೊಡನೆ ಆದ ಹೊಂದಿಕೆ ಆಕಸ್ಮಿಕ. ಆದರೂ ಜನಮನದಲ್ಲಿ ಇವೆರಡೂ ಕೂಡಿಹೋದದ್ದು ನಾಟಕದ ಪ್ರಭಾವಕ್ಕೆ ಸಾಕ್ಷಿಯಾಗಿದೆ.

ಶಾರದೆಯ ದುಃಖವನ್ನು ಕಂಡವರಿಗೆ ಭುಜಂಗನಾಥನ ಬಗೆಗೆ ಕನಿಕರ ಹುಟ್ಟುವುದಿಲ್ಲ. ಹುಟ್ಟಬೇಕೆಂದು ನಾಟಕಕಾರರೂ ಬಯಸಿಲ್ಲ. ಆದರೆ ಪಾತ್ರಗಳನ್ನು ಲಾಭ ನಷ್ಟಗಳ ತಕ್ಕಡಿಯಲ್ಲಿಟ್ಟು ತೂಗಿ ನೋಡಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಹುಡುಗಿಯದು ಬಾಳು ಹೋಗುತ್ತದೆ, ಮುದುಕನದು ಹಣವೂ ಮಾನವೂ ಹೋಗುತ್ತವೆ. ಇಬ್ಬರಿಂದಲೂ ಗಳಿಸುವವನು ಭದ್ರೇಶ್ವರನೊಬ್ಬನೇ. ಮುದುಕನ ದುರ್ಬಲ ಸ್ಥಾನ ಯಾವುದೆಂದು ಅವನು ಬಲ್ಲ. ಆ ಸ್ಥಾನವನ್ನು ಹೊಗಳಿಕೆಯಿಂದ ಮೃದುಗೊಳಿಸಿ, ಇಲ್ಲದ ಯೌವನವನ್ನು ಇದೆಯೆಂದು ನಂಬಿಸಿ, ನಂಬಿದ ಮೇಲೆ ಗಂಟು ಬಿಚ್ಚಿಸುತ್ತಾನೆ. ಈ ಕುಶಲತೆಯ ಚಿತ್ರಣದಲ್ಲಿ ದೇವಲರ ಕಣ್ಣು ಬಹು ಸೂಕ್ಷ್ಮವಾದುದು. ಆದರೆ ತೀರ್ಪಿನ ಭಾರವೆಲ್ಲ ಕೊಳ್ಳುವ ಮುದುಕ ಮತ್ತು ಮಾರುವ ತಂದೆಯ ಮೇಲೆ ಬಿದ್ದು, ಮಧ್ಯಸ್ಥನು ವಿನೋದದ ಪಾತ್ರವಾಗಿ ಹಗುರಾಗುತ್ತಾನೆ. ಇದು ಕೃತಿಯ ಮೊದಲನೆಯ ಕೊರತೆ.

ಎರಡನೆಯ ಕೊರತೆ ಇನ್ನೂ ಆಳವಾದುದು. ಮದುವೆ ನಿಂತದ್ದು ಏತರಿಂದ? ಹುಡುಗಿ ಒಪ್ಪಿಲ್ಲವೆಂಬುದರಿಂದ ನಿಲ್ಲಲಿಲ್ಲ. ವರನಿಗೆ ತಾನು ಮಾಡುತ್ತಿರುವುದೇನೆಂಬ ವಿವೇಕ ಉಳಿದಿದೆಯೇ ಎಂದು ಯಾರೂ ಕೇಳಲೂ ಇಲ್ಲ. ಗೋತ್ರ ಒಂದೇ ಎಂಬುದಷ್ಟೇ ಸಾಕಾಯಿತು. ಗೋತ್ರ ಬೇರೆಯಾಗಿದ್ದರೆ ಅಕ್ಕಿಕಾಳು ಬೀಳುತ್ತಿದ್ದವು, ನೆರೆದವರು ಉಂಡು ಏಳುತ್ತಿದ್ದರು. ತನ್ನ ಕಾಲದ ಸಮಾಜ ಯಾವುದನ್ನು ತಡೆಯೆಂದು ಒಪ್ಪುತ್ತಿತ್ತೋ ಅದನ್ನೇ ನಾಟಕ ಬಳಸಿಕೊಂಡಿದೆ. ಮದುವೆಗೆ ಮೊದಲು ಗೋತ್ರ, ಜಾತಕ, ಬಳಿ, ಕೊಡುಕೊಳ್ಳುವಿಕೆಗಳನ್ನೆಲ್ಲ ವಿಚಾರಿಸಿ, ಮನಸ್ಸನ್ನು ಮಾತ್ರ ವಿಚಾರಿಸದಿರುವ ರೂಢಿ ಅಂದಿನಿಂದ ಇಂದಿಗೂ ನಡೆದು ಬಂದಿದೆ.

ಭುಜಂಗನಾಥನು ಚಪಲಚಿತ್ತನೇ ಹೊರತು ಬುದ್ಧಿ ಕಳೆದುಕೊಂಡವನಲ್ಲ; ತನ್ನ ತಪ್ಪಿಗೆ ಅವನು ಹೊಣೆಗಾರ. ಅರಿವೇ ಮಸುಳಿದ ವೃದ್ಧನನ್ನೋ ವೃದ್ಧೆಯನ್ನೋ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದರೆ ನಗೆ ಉಡುಗಿಹೋಗುತ್ತದೆ. ಮಗನ ಹೆಸರು ಮರೆತವರು, ಸತ್ತ ಹೆಂಡತಿ ಅಡಿಗೆಮನೆಯಲ್ಲಿದ್ದಾಳೆಂದು ತಿಳಿದವರು, ಬೆಳಿಗ್ಗೆ ಹಾಕಿದ ಸಹಿಯನ್ನು ಸಂಜೆಗೆ ಅರಿಯದವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಇದನ್ನು ವಯಸ್ಸಿನ ಸಹಜಧರ್ಮವೆಂದು ತಳ್ಳಿಹಾಕುತ್ತದೆ. ವೈದ್ಯಶಾಸ್ತ್ರ ಇದನ್ನು ‘ಡಿಮೆನ್ಶಿಯಾ’ ಎಂಬ ಮಿದುಳಿನ ವ್ಯಾಧಿಯೆಂದು ಗುರುತಿಸುತ್ತದೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು, ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯಿದೆ ಎಂದು ಅಂದಾಜು ಮಾಡಿದೆ. ಮತ್ತೊಂದು ಗಾದೆ ‘ಮದುವೆಯಾದ ಹೊರತು ಹುಚ್ಚು ಬಿಡದು, ಹುಚ್ಚು ಬಿಟ್ಟ ಹೊರತು ಮದುವೆಯಾಗದು’ ಎನ್ನುತ್ತದೆ. ಈ ಗಾದೆಯ ಅರ್ಧವನ್ನು ಔಷಧಿಯೆಂದು ನಂಬಿ ಮಾಡಿದ ಮದುವೆಗಳು ಎಷ್ಟೋ ಮನೆಗಳನ್ನು ಕೆಡಿಸಿವೆ. ಮದುವೆ ಚಿತ್ತವಿಕಾರಕ್ಕೆ ಚಿಕಿತ್ಸೆಯಲ್ಲ; ಮರೆವಿಗೆ ಅಂತೂ ಅಲ್ಲವೇ ಅಲ್ಲ.

ಇಂಥ ವೃದ್ಧರಿಗೆ ಹೊಲ, ಮನೆ, ಪೆನ್ಶನ್, ಬ್ಯಾಂಕಿನ ಠೇವಣಿ ಇದ್ದಾಗ, ಆರೈಕೆಗೆಂದು ಬಂದವರೋ ದೂರದ ನೆಂಟರೋ ಅವರನ್ನು ಬಂಧುಗಳಿಂದ ಮೆಲ್ಲನೆ ಬೇರ್ಪಡಿಸಿ, ಗದ್ದಲವಿಲ್ಲದೆ ಹಾರ ಹಾಕಿಸಿ, ವಾರಸುದಾರರ ಪಟ್ಟಿಯಲ್ಲಿ ಮೊದಲಿಗರಾಗುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿಯೂ ಕೆನಡಾದಲ್ಲಿಯೂ ‘ಬೇಟೆಯ ವಿವಾಹ’ವೆಂಬ ಅರ್ಥದ ಹೆಸರೇ ಹುಟ್ಟಿಕೊಂಡಿದೆ. ಖರೀದಿ ಪತ್ರಕ್ಕಾಗಲಿ ಮೃತ್ಯುಪತ್ರಕ್ಕಾಗಲಿ ಸಾಕ್ಷಿದಾರರು ಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲೂ ಬರುತ್ತದೆ. ಮದುವೆಯಾದರೋ ಮಂಗಳಕಾರ್ಯವೆಂಬ ಹೊದಿಕೆಯಲ್ಲಿ ನಡೆಯುವುದರಿಂದ ಅದನ್ನು ಪ್ರಶ್ನಿಸುವವನೇ ಅಮಂಗಳ ನುಡಿದವನಾಗುತ್ತಾನೆ. ಭದ್ರೇಶ್ವರನ ವಂಶ ಬೆಳೆದದ್ದು ಈ ಹೊದಿಕೆಯ ಕೆಳಗೇ.

ಶ್ರಾವಕಾಚಾರದ ದೃಷ್ಟಿಯಿಂದ ನೋಡಿದಾಗ ನಾಟಕ ಕಾಣದೆ ಬಿಟ್ಟುದು ಸ್ಪಷ್ಟವಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ, ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿರುವುದು ಪರವಿವಾಹಕರಣವನ್ನು, ಎಂದರೆ ತನ್ನ ಹೊಣೆಗೆ ಸೇರದವರ ಮದುವೆಗಳನ್ನು ಮಾಡಿಸುತ್ತ ತಿರುಗುವುದನ್ನು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದು ಉಂಟು. ಮದುವೆ ಕೂಡಿಸುವುದು ಪುಣ್ಯಕಾರ್ಯವೆಂದು ತಿಳಿದ ಸಮಾಜಕ್ಕೆ ಈ ನಿಷೇಧ ವಿಚಿತ್ರವಾಗಿ ತೋರಬಹುದು. ಆದರೆ ಮಧ್ಯಸ್ಥನ ಮನಸ್ಸಿನಲ್ಲಿ ರಾಗವೂ ಲೋಭವೂ ಹೇಗೆ ಸೇರಿಕೊಳ್ಳುತ್ತವೆ ಎಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಭದ್ರೇಶ್ವರನನ್ನು ನಾಟಕ ಹಾಸ್ಯದಲ್ಲಿ ತೇಲಿಸಿದೆ. ಶಾಸ್ತ್ರವಾದರೋ ಅವನ ಕೆಲಸಕ್ಕೆ ಹೆಸರಿಟ್ಟು ದೋಷವೆಂದು ನಿರ್ಣಯಿಸಿದೆ.

ಉಳಿದ ವ್ರತಗಳ ಅತಿಚಾರಗಳೂ ಈ ಪ್ರಸಂಗಕ್ಕೆ ಒಂದೊಂದಾಗಿ ಹೊಂದುತ್ತವೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಕೊಡಲು ತಿಳಿವು ಬೇಕು. ತಿಳಿವಿಲ್ಲದವನ ಕೈಯಿಂದ ಬಂದುದು ಕೊಟ್ಟದ್ದಾಗದು, ಆದುದರಿಂದ ತೆಗೆದುಕೊಂಡದ್ದು ಕಳವು. ನಡುಗುವ ಹೆಬ್ಬೆಟ್ಟನ್ನು ಹಿಡಿದು ಕಾಗದಕ್ಕೊತ್ತಿಸುವುದು ಸತ್ಯವ್ರತದ ಅತಿಚಾರವಾದ ಕೂಟಲೇಖಕ್ರಿಯೆಗೆ ಸೇರುತ್ತದೆ. ಕೆಲಸ ಮುಗಿದ ಮೇಲೆ ವೃದ್ಧರನ್ನು ಕೋಣೆಯಲ್ಲಿ ಕೂಡಿಹಾಕುವುದು ಬಂಧ. ಹೊತ್ತಿಗೆ ಅನ್ನ ನೀರು ಕೊಡದಿರುವುದು ಅನ್ನಪಾನನಿರೋಧ. ಇವೆರಡೂ ಅಹಿಂಸಾಣುವ್ರತದ ಅತಿಚಾರಗಳು. ದೇವಾಲಯದ ಟ್ರಸ್ಟುಗಳು ವಿಶೇಷವಾಗಿ ಮನಗಾಣಬೇಕಾದುದು ಅಚೌರ್ಯವ್ರತದ ತದಾಹೃತಾದಾನವನ್ನು. ಕಳ್ಳನು ತಂದುದನ್ನು ಸ್ವೀಕರಿಸುವುದೂ ದೋಷ. ಇಂಥ ಮದುವೆಯಿಂದ ಬಂದ ಆಸ್ತಿಯ ಒಂದು ಪಾಲು ಬಸದಿಯ ಜೀರ್ಣೋದ್ಧಾರಕ್ಕೆ ದೇಣಿಗೆಯಾಗಿ ಬಂದರೆ, ಅಮೃತಶಿಲೆಯ ಮೇಲೆ ದಾನಿಯ ಹೆಸರು ಕೊರೆಸುವ ಮೊದಲು ಆ ದೇಣಿಗೆಯ ಮೂಲವನ್ನು ವಿಚಾರಿಸುವ ಹೊಣೆ ಟ್ರಸ್ಟಿನದು.

‘ಬರೀ ಶಾಸ್ತ್ರಕ್ಕೆ ಮಾಡಿದ ಮದುವೆ, ಮುದುಕನಿಗೆ ಏನು ಹಾನಿಯಾಯಿತು’ ಎಂಬ ಸಮರ್ಥನೆಗೆ ಜನ್ನನ ಯಶೋಧರಚರಿತೆಯ ಕಥೆಯೇ ಉತ್ತರ. ಅಲ್ಲಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಯಾವ ಜೀವವೂ ಅಲ್ಲಿ ನೋಯಲಿಲ್ಲ. ಆದರೆ ಸಂಕಲ್ಪವೇ ಹಿಂಸೆಯಾಗಿ ತಾಯಿ ಮಗ ಇಬ್ಬರನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಸೋಗಿನ ಮದುವೆಯೂ ಹಿಟ್ಟಿನ ಕೋಳಿಯಂಥದು. ಸುತ್ತ ನಿಂತು ಅಕ್ಕಿಕಾಳು ಹಾಕಿದವರು ಆ ಸಂಕಲ್ಪದಲ್ಲಿ ಎಷ್ಟು ಪಾಲುಗಾರರು ಎಂಬುದನ್ನು ಅವರವರೇ ವಿಚಾರ ಮಾಡತಕ್ಕದ್ದು.

ನಾಟಕದ ಕಾಲದಲ್ಲಿ ಇಲ್ಲದಿದ್ದ ಕಾನೂನು ಇಂದು ಇದೆ. ಆದರೆ ಅದರಲ್ಲೂ ನಾಟಕದ ಕೊರತೆಯೇ ಬೇರೊಂದು ರೂಪದಲ್ಲಿ ಉಳಿದಿದೆ. 1955ರ ಹಿಂದೂ ವಿವಾಹ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. ಅದರ 5ನೆಯ ಪ್ರಕರಣದ ಪ್ರಕಾರ, ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ಸಮ್ಮತಿ ಕೊಡಲಾರದವರು ಮದುವೆಗೆ ಅರ್ಹರಲ್ಲ. ಆದರೆ ಈ ನಿಯಮ ಮುರಿದು ನಡೆದ ಮದುವೆ 12ನೆಯ ಪ್ರಕರಣದಂತೆ ತಾನಾಗಿ ಶೂನ್ಯವಾಗುವುದಿಲ್ಲ. ನ್ಯಾಯಾಲಯ ರದ್ದುಗೊಳಿಸುವವರೆಗೆ ಊರ್ಜಿತವಾಗಿಯೇ ಇರುತ್ತದೆ. 1954ರ ವಿಶೇಷ ವಿವಾಹ ಅಧಿನಿಯಮದಲ್ಲಾದರೋ ಇದೇ ದೋಷವಿರುವ ಮದುವೆ 24ನೆಯ ಪ್ರಕರಣದಂತೆ ಶೂನ್ಯ. ಅಲ್ಲಿ ಮೂವತ್ತು ದಿನಗಳ ಮುನ್ಸೂಚನೆಯೂ ಆಕ್ಷೇಪಣೆಗೆ ಅವಕಾಶವೂ ಇವೆ. ಒಂದೇ ದೇಶದಲ್ಲಿ, ಒಂದೇ ದೌರ್ಬಲ್ಯಕ್ಕೆ, ಮಂಟಪದಲ್ಲಿ ಮದುವೆಯಾದರೆ ಒಂದು ಫಲ, ವಿವಾಹಾಧಿಕಾರಿಯ ಎದುರು ಮದುವೆಯಾದರೆ ಇನ್ನೊಂದು ಫಲ.

ಈ ಭೇದದ ಪರಿಣಾಮ ವೃದ್ಧರ ಮರಣಾನಂತರ ಕಾಣುತ್ತದೆ. ಹೀಗೆ ರದ್ದಾಗಬಲ್ಲ ಮದುವೆಯನ್ನು ಪ್ರಶ್ನಿಸುವ ಹಕ್ಕು ಮದುವೆಯಾದವರದೇ ಹೊರತು ಮೂರನೆಯವರದಲ್ಲ ಎಂಬುದು ನ್ಯಾಯಾಲಯಗಳು ಸಾಮಾನ್ಯವಾಗಿ ತಳೆದ ನಿಲುವು. ಅರಿವಿಲ್ಲದವರ ಪರವಾಗಿ ಹಿತೈಷಿಯೊಬ್ಬರು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದಲ್ಲಿ ದಾರಿಯುಂಟು. ಆದರೆ ಅದು ವೃದ್ಧರು ಬದುಕಿರುವಾಗಲೇ ಆಗಬೇಕು. ಅವರು ತೀರಿಕೊಂಡ ಮೇಲೆ ಹೊಸ ಪತ್ನಿಯು 1956ರ ಉತ್ತರಾಧಿಕಾರ ಅಧಿನಿಯಮದಂತೆ ಮಕ್ಕಳ ಸಮಕ್ಕೆ ಮೊದಲನೆಯ ವರ್ಗದ ವಾರಸುದಾರಳು. ವೃದ್ಧೆಯ ಆಸ್ತಿಗೆ ಹೊಸ ಪತಿಯೂ ಮಕ್ಕಳೊಡನೆ ಹಕ್ಕುದಾರ. ಹತ್ತಾರು ವರ್ಷ ಮಲಮೂತ್ರ ಬಳಿದು ಸೇವೆ ಮಾಡಿದ ಸೊಸೆ ಆಗ ಉತಾರದಲ್ಲಿ ಹೊಸ ಹೆಸರನ್ನು ಕಾಣುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ಭಾರತದ ಕಾನೂನು ಮೊದಲಿನಿಂದಲೂ ವಿವೇಕ ತೋರಿದೆ. ಇಂಗ್ಲೆಂಡಿನಲ್ಲಿ 1837ರ ಕಾಯಿದೆಯಂತೆ ಮದುವೆಯಾದೊಡನೆ ಹಿಂದಿನ ಮೃತ್ಯುಪತ್ರ ರದ್ದಾಗುತ್ತದೆ. ಅರಿವಳಿದವರನ್ನು ಮದುವೆಯಾಗುವವರಿಗೆ ಈ ನಿಯಮವೇ ಆಯುಧವಾಯಿತೆಂದು ಅಲ್ಲಿನ ಕುಟುಂಬಗಳು ವರ್ಷಗಟ್ಟಲೆ ದೂರಿದವು. 2025ರಲ್ಲಿ ಅಲ್ಲಿನ ಕಾನೂನು ಆಯೋಗ ಇದನ್ನು ತೆಗೆದುಹಾಕುವಂತೆ ಶಿಫಾರಸು ಮಾಡಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2014ರಲ್ಲಿ, ಒಂಟಾರಿಯೋ ಪ್ರಾಂತ್ಯ 2022ರಲ್ಲಿ ಇದನ್ನು ಕೈಬಿಟ್ಟವು. ಹಿಂದೂ, ಬೌದ್ಧ, ಸಿಖ್, ಜೈನರ ಮಟ್ಟಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 57ನೆಯ ಪ್ರಕರಣವು ಮದುವೆಯಿಂದ ಮೃತ್ಯುಪತ್ರ ರದ್ದಾಗದೆಂದು ಸ್ಪಷ್ಟಪಡಿಸಿದೆ. ಬುದ್ಧಿ ನೆಟ್ಟಗಿರುವಾಗಲೇ ಮೃತ್ಯುಪತ್ರ ಬರೆದು ನೋಂದಾಯಿಸಿದ ಜೈನ ಗೃಹಸ್ಥನ ಇಚ್ಛೆಯನ್ನು ನಂತರದ ಮದುವೆ ಅಳಿಸಲಾರದು. ಇಷ್ಟು ದೊಡ್ಡ ರಕ್ಷಣೆ ಕೈಯಲ್ಲಿದ್ದೂ ಬಳಸುವವರು ವಿರಳ. ಮೃತ್ಯುಪತ್ರದ ಮಾತೆತ್ತುವುದೇ ಅಶುಭವೆಂಬ ಭಾವನೆ ಇದಕ್ಕೆ ಕಾರಣ. ಪರಿಗ್ರಹ ಪರಿಮಾಣವನ್ನು ಬೋಧಿಸುವ ಧರ್ಮದಲ್ಲಿ, ತನ್ನದೆಷ್ಟು, ಅದು ಯಾರಿಗೆ ಎಂದು ಬರೆದಿಡುವುದು ವ್ರತದ ಅಂಗವೇ ಆಗಬೇಕು.

ಪಾಲಕತ್ವದ ವಿಷಯದಲ್ಲಿ ಕಾನೂನಿನ ಹಂದರ ಸಡಿಲವಾಗಿದೆ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಅಸ್ವಸ್ಥರ ಆಸ್ತಿ ನೋಡಿಕೊಳ್ಳುವವರನ್ನು ನೇಮಿಸುವ ಅಧ್ಯಾಯವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯಿದೆ ಆ ಅಧ್ಯಾಯವನ್ನು ಉಳಿಸಿಕೊಳ್ಳಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಬುದ್ಧಿಮಾಂದ್ಯ, ಆಟಿಸಂ ಮೊದಲಾದವುಗಳಿಗೆ ಸಂಬಂಧಿಸಿದ್ದು. ಮುಪ್ಪಿನ ಮರೆವು ಆ ಪಟ್ಟಿಯಲ್ಲಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಪ್ರಕರಣದಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟವರ ವಿರುದ್ಧ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಬೈಲಹೊಂಗಲದಲ್ಲಿಯೇ ಆ ಅಧಿಕಾರಿಗಳ ಕಚೇರಿಯಿದೆ. ಆದರೆ ಬರೆಸಿಕೊಳ್ಳುವ ಬದಲು ಮದುವೆಯಾದವರನ್ನು ಆ ಪ್ರಕರಣ ಮುಟ್ಟದು.

ಇಷ್ಟರಿಂದ ವೃದ್ಧರ ಮದುವೆಯನ್ನೇ ತಡೆಯಬೇಕೆಂಬ ತೀರ್ಮಾನಕ್ಕೆ ಬಂದರೆ ಅದು ಮತ್ತೊಂದು ಹಿಂಸೆಯಾದೀತು. ಎಪ್ಪತ್ತರಲ್ಲಿ ಒಂಟಿಯಾದವರು, ತಿಳಿದು ಒಪ್ಪಿ, ಸಂಗಾತಿಯನ್ನು ಬಯಸಿದರೆ ಅದು ಅವರ ಹಕ್ಕು. ಆಸ್ತಿ ಹಂಚಿಹೋದೀತೆಂಬ ಭಯದಿಂದ ಮಕ್ಕಳು ಅವರಿಗೆ ಹುಚ್ಚಿನ ಪಟ್ಟ ಕಟ್ಟುವುದೂ ಲೋಭವೇ. ಅಸಾಮರ್ಥ್ಯದ ಆರೋಪ ಬಲಿಷ್ಠರ ಕೈಯಲ್ಲಿ ಏನಾಗಬಲ್ಲದೆಂಬುದಕ್ಕೆ ಕಿತ್ತೂರಿನ ಇತಿಹಾಸವೇ ಸಾಕ್ಷಿ. 1824ರಲ್ಲಿ ಶಿವಲಿಂಗರುದ್ರ ಸರ್ಜನು ಮರಣಶಯ್ಯೆಯಲ್ಲಿ ದತ್ತಕ ಸ್ವೀಕರಿಸಿದಾಗ, ಕಲೆಕ್ಟರ್ ಥ್ಯಾಕರೆ ಆ ಪತ್ರದ ಸಹಿಯನ್ನೇ ಸಂಶಯಿಸಿದನು. ದತ್ತಕವನ್ನು ಒಪ್ಪದ ಕಂಪನಿಯ ಕಣ್ಣು ಸಂಸ್ಥಾನದ ಮೇಲಿತ್ತು. ಅದರ ಫಲ ಅಕ್ಟೋಬರ್ 23ರ ಯುದ್ಧ. ಸಾಯುವವನ ಮನಸ್ಸು ಸ್ಥಿಮಿತದಲ್ಲಿತ್ತೇ ಎಂಬ ಪ್ರಶ್ನೆಯನ್ನು ಅವನ ಹಿತಕ್ಕಾಗಿ ಕೇಳಬಹುದು, ಅವನ ಸೊತ್ತಿಗಾಗಿಯೂ ಕೇಳಬಹುದು. ಕೇಳುವವನ ಉದ್ದೇಶವನ್ನೂ ಪರೀಕ್ಷಿಸಬೇಕಾಗುತ್ತದೆ. ವ್ಯಾಧಿಯ ಹೆಸರೊಂದೇ ಸಾಲದು, ಅದರ ಪ್ರಮಾಣವನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ವಿಚ್ಛೇದನದ ಪ್ರಕರಣವೊಂದರಲ್ಲಿ ಹೇಳಿದ್ದು ಈ ಎಚ್ಚರಕ್ಕೆ ಹೊಂದುತ್ತದೆ.

ಹಾಗಾದರೆ ಅಳತೆಗೋಲು ಯಾವುದು? ಜೈನ ಪರಂಪರೆಯಲ್ಲಿ ಅದು ಮೊದಲೇ ಇದೆ. ಸಲ್ಲೇಖನೆಯನ್ನು ಬೇಡಿದವರಿಗೆ ಗುರುಗಳು ಕೂಡಲೇ ಒಪ್ಪಿಗೆ ಕೊಡುವುದಿಲ್ಲ. ಬೇಡುವವರ ಸ್ಥಿತಿಯನ್ನೂ ಭಾವಶುದ್ಧಿಯನ್ನೂ ನೋಡುತ್ತಾರೆ. ಎಚ್ಚರ ತಪ್ಪಿದವನ ಹೆಸರಿನಲ್ಲಿ ಬೇರೊಬ್ಬರು ವ್ರತ ತೊಡಿಸಿದರೆ ಅದು ವ್ರತವೆನಿಸದು. ಸುಗಂಧವರ್ತಿಯೆಂದು ಶಾಸನಗಳು ಕರೆದ ಸವದತ್ತಿಯಲ್ಲಿ ರಟ್ಟರು ಬಸದಿಗಳಿಗೆ ಬಿಟ್ಟ ದತ್ತಿಗಳನ್ನು ಕಲ್ಲಿನ ಮೇಲೆ ಕೊರೆಸಿ ಎಲ್ಲರ ಕಣ್ಣಿಗೆ ಕಾಣುವಂತೆ ನಿಲ್ಲಿಸಿದರು. ದಾನಕ್ಕೆ ತಿಳಿವೂ ಬಹಿರಂಗತೆಯೂ ಬೇಕೆಂಬುದು ಇದರ ತಾತ್ಪರ್ಯ. ದಾನಕ್ಕೂ ಧಾರೆ, ಮದುವೆಗೂ ಧಾರೆ. ಒಂದಕ್ಕೆ ಬೇಕಾದ ತಿಳಿವು ಇನ್ನೊಂದಕ್ಕೆ ಬೇಡವೆನ್ನಲು ಕಾರಣವಿಲ್ಲ.

ದೇವಾಲಯದ ಟ್ರಸ್ಟುಗಳೂ ಪಂಡಿತರೂ ಈ ಅಳತೆಗೋಲನ್ನು ಕೈಗೆತ್ತಿಕೊಂಡರೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಮಂಗಲ ಕಾರ್ಯಾಲಯವನ್ನು ಕೊಡುವ ಮೊದಲು, ಸಂಶಯ ಬಂದಲ್ಲಿ, ವೃದ್ಧರೊಡನೆ ಜೊತೆಗೆ ಬಂದವರನ್ನು ಹೊರಗಿರಿಸಿ ಅರ್ಧ ಗಂಟೆ ಮಾತನಾಡಬೇಕು. ಮದುವೆ ಯಾರೊಡನೆ, ಯಾಕೆ, ಇದರಿಂದ ಏನು ಬದಲಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅವರ ಬಾಯಿಂದಲೇ, ಎರಡು ಬೇರೆ ಬೇರೆ ದಿನ, ಒಂದೇ ಬಗೆಯ ಉತ್ತರ ಬರಬೇಕು. ಬಾರದಿದ್ದರೆ ವೈದ್ಯರ ಅಭಿಪ್ರಾಯ ಕೇಳಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಈ ನಾಲ್ಕೂ ತಾಲೂಕುಗಳಿಗೆ ದೂರವಲ್ಲ. ಮಕ್ಕಳಿಗೂ ಹತ್ತಿರದ ಬಂಧುಗಳಿಗೂ ಮುಂಚಿತವಾಗಿ ತಿಳಿಸಬೇಕು. ಮೂವತ್ತು ದಿನ ತಡೆದರೆ ನಿಜವಾದ ಸ್ನೇಹಕ್ಕೆ ಕೇಡಿಲ್ಲ, ಅವಸರವಿರುವುದು ಕಪಟಕ್ಕೆ ಮಾತ್ರ. ಈಗಾಗಲೇ ಬಲೆಗೆ ಬಿದ್ದವರ ಸುದ್ದಿ ತಿಳಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸಬಹುದು, ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಮನೆಯಲ್ಲಿ. ಬೇಟೆಗಾರನು ಹುಡುಕುವುದು ಒಂಟಿ ಪ್ರಾಣಿಯನ್ನು. ದಿನಕ್ಕೊಮ್ಮೆಯಾದರೂ ಪಕ್ಕದಲ್ಲಿ ಕುಳಿತು ಮಾತನಾಡಿಸುವ ಮಗನೋ ಮಗಳೋ ಇರುವ ಮನೆಯ ಹಿರಿಯರ ಬಳಿಗೆ ಭದ್ರೇಶ್ವರರು ಸುಲಭವಾಗಿ ಸುಳಿಯಲಾರರು. ದೇವಲರು ಶಾರದೆಯ ಕಣ್ಣೀರನ್ನು ಕಾಣಿಸಿ ಒಂದು ತಲೆಮಾರಿನ ಕಣ್ಣು ತೆರೆಸಿದರು. ಅವರ ಋಣ ದೊಡ್ಡದು. ಅವರು ನಗಿಸಿ ಬಿಟ್ಟ ಮುದುಕನಲ್ಲಿ ಅಡಗಿರುವ ಅಸಹಾಯಕನನ್ನು ಗುರುತಿಸುವ ಕೆಲಸ ಮುಂದಿನ ಓದುಗರ ಪಾಲಿಗೆ ಉಳಿದಿದೆ. ಪರಸ್ಪರ ಉಪಕಾರವೇ ಜೀವಗಳ ಧರ್ಮವೆಂದು ನಂಬಿದ ಸಮಾಜ, ತನ್ನ ಹೆಸರನ್ನೇ ಮರೆತ ಜೀವಕ್ಕೂ ಆ ಉಪಕಾರ ಸಲ್ಲುತ್ತದೆಂದು ಆಚರಣೆಯಲ್ಲಿ ತೋರಿಸಲಿ.